ಹೊಸ್ತಿಲ ಮೇಲಿನ 'ಇಲ್ಲ'

"ಮೊದಲ ಒಳಗ ಬಾ. ಏನ ಮಾತಿದ್ರೂ ಒಳಗ ಬಂದು ಆಡು. ಈ ಹೊಸ್ತಿಲ ಮ್ಯಾಲೆ ನಿಂತು ಮಾತ್ರ 'ಇಲ್ಲ' ಅನಬ್ಯಾಡ."

ಮನೆಯೊಡತಿ ಬಸವಣ್ಣೆವ್ವ ಇಷ್ಟು ಹೇಳಿ ತಾನೇ ಮುಂದಾಗಿ ಕತ್ತಲ ಪಡಸಾಲೆಯೊಳಗೆ ಹೋದಳು. ಮನಿಷಾಗೆ ನಗು ಬಂತು. ಬಾಡಿಗೆಗೊಂದು ಕೋಣೆ ಹುಡುಕುತ್ತ ಬೆಳಗಾವಿಯ ಓಣಿ ಓಣಿ ಸುತ್ತಿ ಚಪ್ಪಲಿ ಸವೆಸಿದ್ದ ಅವಳು ಎಂತೆಂಥ ಷರತ್ತು ಕೇಳಿರಲಿಲ್ಲ? ಒಬ್ಬಳೇ ಇರುವವಳಿಗೆ ಕೊಡುವುದಿಲ್ಲ ಎಂದವರಿದ್ದರು. 'ಏಕಟೀಚ್ ಕಾ?', ಒಬ್ಬಳೇನಾ, ಎಂದು ಮರಾಠಿಯಲ್ಲಿ ಹುಬ್ಬೇರಿಸಿದವರಿದ್ದರು. 'ಯಾರ ಪೈಕಿ?' ಎಂದು ಕೇಳಿ, ಉತ್ತರ ಕಿವಿಗೆ ಬಿದ್ದ ಕೂಡಲೇ ಮನೆ ನಿನ್ನೆಯೇ ಹೋಯಿತು ಎಂದವರೂ ಇದ್ದರು. ಉಳಿದವರು ಕೇಳಿದ ಬಾಡಿಗೆಗೆ ಅವಳ ಪಗಾರವೇ ಸಾಲುತ್ತಿರಲಿಲ್ಲ. ಇಲ್ಲಿ, ನೆಹರು ನಗರದ ದೊಡ್ಡ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಅವಳು ರಕ್ತ ತಪಾಸಣೆ ಮಾಡುವ ಲ್ಯಾಬಿಗೆ ನಡೆದುಹೋಗುವಷ್ಟು ಹತ್ತಿರ, ಕೈಗೆಟಕುವ ಬಾಡಿಗೆಗೆ ಒಂದು ಕೋಣೆ ಸಿಗುವುದಿತ್ತು. ಅಷ್ಟಕ್ಕೆ ಮುದುಕಿಯ ಹುಚ್ಚನ್ನೂ ಸಹಿಸಿಕೊಳ್ಳಬಹುದು.

ಚಪ್ಪಲಿಯ ಬಕಲು ಬಿಚ್ಚುತ್ತ ಅವಳು ಹೊಸ್ತಿಲ ಮೇಲೇ ನಿಂತಳು. ಕರಿಕಲ್ಲಿನ ಹೊಸ್ತಿಲು. ಎಷ್ಟೋ ವರ್ಷದಿಂದ ಅರಿಷಿಣ ಕುಂಕುಮ ಕಾಣದ್ದು. ಅದರ ಸಂದಿಯಿಂದ ಸುಟ್ಟ ಕೂದಲಿನ, ಕೊಳೆತ ನಿಂಬೆಹಣ್ಣಿನ ವಾಸನೆ ಏಳುತ್ತಿತ್ತು.

ಮುದುಕಿ ಬೆನ್ನು ತಿರುಗಿಸಿ ಕೊಡದಿಂದ ನೀರು ಬಗ್ಗಿಸುತ್ತಿದ್ದಳು. "ಬಂದೇನು ಒಳಗ? ಹಿಂದ ಇದ್ದವರು ಊರಿಂದ ಆಡು, ಕೋಳಿ ತಂದು ಹಿತ್ತಲದಾಗ ಕಟ್ಟತಿದ್ರು. ನಿಮ್ಮ ಮನ್ಯಾಗ ಕುರಿ ಕೋಳಿ ಅದಾವೇನು?"

ಮನಿಷಾಳ ಕಿವಿ ಬಿಸಿಯಾಯಿತು. ಖಾನಾಪುರದಾಚೆಯ ಊರು, ಅಣ್ಣ ಬೀರಣ್ಣ ಕಾಯುವ ಹಿಂಡು, ಅವ್ವನ ಸೆರಗಿಗಂಟಿದ ಉಣ್ಣೆಯ ಕಮಟು ಎಲ್ಲ ಒಮ್ಮೆಲೇ ಮೂಗಿಗೆ ಬಡಿದಂತಾಯಿತು. ಹಾಸ್ಟೆಲಿನಲ್ಲಿ ಹುಡುಗಿಯರು ಅವಳ ಕಂಬಳಿ ಮೂಸಿ ಮೂಗು ಮುಚ್ಚಿಕೊಂಡದ್ದನ್ನು ಅವಳು ಇನ್ನೂ ಮರೆತಿರಲಿಲ್ಲ. ಮುದುಕಿಯ ಹಣೆಯ ವಿಭೂತಿ ನೋಡಿದಾಗಲೇ ಏನು ಹೇಳಬೇಕೆಂದು ನಿಶ್ಚಯ ಮಾಡಿಬಿಟ್ಟಿದ್ದಳು. ಈಗ ಅದಕ್ಕೆ ತುಂಟತನವೂ ಸೇರಿತು. ಎರಡೂ ಪಾದಗಳನ್ನು ಹೊಸ್ತಿಲ ಮೇಲೆ ಊರಿ, "ಇಲ್ಲ ರೀ" ಎಂದಳು.

ಕಾಲಡಿಯ ಕಲ್ಲು ಸಣ್ಣಗೆ ನಡುಗಿತು. ರಸ್ತೆಯಲ್ಲಿ ಲಾರಿ ಹೋಗಿರಬೇಕು ಅಂದುಕೊಂಡಳು.

"ಅವ್ವ ಬಂದು ಇರತಾಳೇನು?"

ಕಂಬಳಿ ಹೊದ್ದ ಅವ್ವ ಈ ಬಾಗಿಲಿಗೆ ಬಂದರೆ ಎಲ್ಲ ಬಯಲಾಗುತ್ತಿತ್ತು. "ಅವ್ವ ಇಲ್ಲ ರೀ."

ಈ ಸಲ ಲಾರಿಯ ಸದ್ದಿರಲಿಲ್ಲ. ಕಲ್ಲಿನ ಕೆಳಗೆ, ಬಾಯಿಗೆ ಬಟ್ಟೆ ತುರುಕಿಸಿಕೊಂಡ ಯಾರೋ, ಅವಳ ಮಾತನ್ನೇ ತೊದಲಿದರು. ಇಲ್ಲ.

ಬಸವಣ್ಣೆವ್ವ ತಿರುಗಿ ನೋಡಿದಳು. ಕೈಯ ತಂಬಿಗೆ ಜಾರಿ ನೆಲದ ತುಂಬ ನೀರು ಹರಿಯಿತು. "ಅಲ್ಲೇ ನಿಂತು ಅಂದೇನು?"

"ಒಳಗ ನಿಂತ ಅಂದ್ನಿ ರೀ. ಚಪ್ಪಲ್ ಬಿಡಾಕ ಈಗ ಹೊರಗ ಬಂದೆ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ನಾಚಿಕೆಯಾಯಿತು. ಆದರೆ ಕೋಣೆ ಸಿಕ್ಕಿತು.

ಕೀಲಿ ಕೊಡುವಾಗ ಮುದುಕಿ ಕಾರಣವನ್ನೂ ಹೇಳಿದಳು. ಅವಳ ಗಂಡ ಇದೇ ಹೊಸ್ತಿಲ ಮೇಲೆ ನಿಂತು ತಮ್ಮನಿಗೆ 'ನಿನಗ ಪಾಲು ಇಲ್ಲ' ಎಂದಿದ್ದನಂತೆ. ತಮ್ಮ ಭರಮಣ್ಣ ಮಾಟಗಾರನನ್ನು ಹಿಡಿದು, ಮೊಳೆ ಚುಚ್ಚಿದ ನಿಂಬೆಹಣ್ಣು, ಕೂದಲು, ಉಗುರು ಏನೇನೋ ಈ ಕಲ್ಲಿನ ಕೆಳಗೆ ಹೂಳಿಸಿದ. ಇಲ್ಲಿ ನಿಂತು ಇಲ್ಲ ಅಂದದ್ದು ಇಲ್ಲದಂತಾಗಲಿ ಎಂದು ಕಟ್ಟು ಹಾಕಿಸಿದ. ಆಮೇಲೊಂದು ಸಂಜೆ ಬಾಗಿಲಿಗೆ ಬಂದು 'ಅಣ್ಣ ಅದಾನೇನು?' ಎಂದು ಕೇಳಿದ. ಗಂಡ ಒಳಗಿನಿಂದಲೇ ಕೈಸನ್ನೆ ಮಾಡಿದ. ಇವಳು ಹೊಸ್ತಿಲ ಮೇಲೆ ನಿಂತು, ಎಲ್ಲ ಹೆಂಗಸರೂ ಅನ್ನುವ ಹಾಗೆ, 'ಅವರು ಮನ್ಯಾಗ ಇಲ್ಲ' ಎಂದಳು. ತಿರುಗಿ ನೋಡಿದರೆ ಕುರ್ಚಿ ಖಾಲಿ. ಚಹಾದ ಕಪ್ಪಿನಿಂದ ಮಾತ್ರ ಹಬೆ ಏಳುತ್ತಿತ್ತು.

"ಅಗದು ತಗಸಬೇಕಂತ ಮಾಡಿದೆ. ಗೌಂಡಿ ಗುದ್ದಲಿ ಬಿಟ್ಟು ಓಡಿದ. ಎದುರಿಗಿದ್ದದ್ದು ಆಗಿಂದಾಗ ಹೋಗತೈತಿ, ದೂರ ಇದ್ದದ್ದು ತಡಾ ಮಾಡಿ ಹೋಗತೈತಿ ಅಂತ. ತಿರುಗಿ ಪಡೀಬೇಕಂದ್ರ ಅಂದವರ ಬಂದು ಅದ ಕಲ್ಲಿನ ಮ್ಯಾಲೆ ನಿಂತು, ಕೇಳಿದವರ ಮುಂದ, 'ಅದಾರ' ಅಂತ ಅನಬೇಕಂತ. ಕೇಳಿದ ಮೈದುನ ಸತ್ತ. ಇನ್ನ ಯಾರ ಮುಂದ ಅನಲಿ ನಾ?"

ಮನಿಷಾ ಮುಖ ಬಾಡಿಸಿಕೊಂಡು ಕೇಳಿದಳು. ಇಂಥ ಹೆಂಡತಿಯನ್ನು ಬಿಟ್ಟು ಹಿತ್ತಲ ಬಾಗಿಲಿನಿಂದ ಓಡಿದ ಜಾಣ ಎಂದು ಒಳಗೊಳಗೇ ನಕ್ಕಳು.

ಕೋಣೆಗೆ ಅವಳು ಹಸಿರು ಪರದೆ ಕಟ್ಟಿದಳು. ತನ್ನದೇ ಆದ ಸ್ಟೋವಿನ ಮೇಲೆ ಅನ್ನ ಬೇಯುವಾಗ ಕಣ್ಣು ತುಂಬಿ ಬರುತ್ತಿತ್ತು. ಊರಿಗೆ ಮಾತ್ರ ವಿಳಾಸ ಕೊಡಲಿಲ್ಲ. ದವಾಖಾನಿಯ ಹಿಂದೆ ಎಲ್ಲೋ ಒಂದು ಕಡೆ ಎಂದಷ್ಟೇ ಅವ್ವನಿಗೆ ಹೇಳಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಲ್ಯಾಬಿಗೆ ಬೀರಣ್ಣನ ಫೋನು ಬಂತು. ಖಾನಾಪುರ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದ. ಅವನ ದನಿ ಬಿದ್ದುಹೋಗಿತ್ತು.

"ಹಿಂಡೆಲ್ಲಾ ಹೋತು ತಂಗಿ. ಗಾಯ ಇಲ್ಲ, ಬ್ಯಾನಿ ಇಲ್ಲ. ಮುಂಜಾನೆ ಹೋಗಿ ನೋಡಿದ್ರ ಎಲ್ಲಾ ಕಣ್ಣ ತಗದು ಬಿದ್ದಾವು."

ಮನಿಷಾಳ ಕೈಯೊಳಗಿನ ಗಾಜಿನ ನಳಿಗೆ ಕೆಳಗೆ ಬಿತ್ತು.

"ಕೇಳಾಕತ್ತೀಯೇನು? ಅವ್ವಗ ಉಸರ ಹತ್ತವಲ್ದು. ಹಂಗ ಎದಿ ಹಿಡಕೊಂಡು ಮಧ್ಯಾಹ್ನನ ಬಸ್ ಹತ್ಯಾಳ. ಬ್ಯಾಡಂದ್ರೂ ಕೇಳಲಿಲ್ಲ. ಒಮ್ಮೆ ಮನಿಷಾನ ಮಾರಿ ನೋಡತೀನಿ ಅಂದ್ಲು."

ಮೊದಲು ಕುರಿ. ಆಮೇಲೆ ಅವ್ವ. ತಾನು ಅಂದದ್ದೂ ಇದೇ ಕ್ರಮದಲ್ಲಿ. ಅವಳು ಓಡಿದಳು. ಮನೆ ಮುಟ್ಟುವಷ್ಟರಲ್ಲಿ ಹೊತ್ತು ಮುಳುಗಿ, ಕರೆಂಟು ಹೋಗಿ, ಓಣಿ ಮಸಿ ಬಳಿದಂತಾಗಿತ್ತು. ಹೊಸ್ತಿಲ ಮೇಲೆ ನಿಂತಳು. ಕಲ್ಲು ಬೆಚ್ಚಗಿತ್ತು, ಈಗಷ್ಟೇ ಯಾರೋ ಎದ್ದುಹೋದ ಜಾಗದಂತೆ.

ಹೇಳಬೇಕಾದದ್ದು ಎರಡೇ ಮಾತು. ಅವ್ವ ಅದಾಳ. ಆದರೆ ಒಳಗೆ ಕಂದೀಲಿನ ಸುತ್ತ ನೆರೆಮನೆಯ ಹೆಂಗಸರು ಕೂತಿದ್ದರು.

"ಇಕಿನ ನೋಡ್ರಿ ನಮ್ಮ ಮನಿಷಾ" ಎಂದಳು ಬಸವಣ್ಣೆವ್ವ ಅಭಿಮಾನದಿಂದ. "ಬಂಗಾರದಂಥ ಹುಡುಗಿ. ಪಾಪ, ತಾಯಿ ಇಲ್ಲದಾಕಿ."

ಹೆಂಗಸರು ಲೊಚಗುಟ್ಟಿದರು. ಮನಿಷಾಳ ಬಾಯಿ ಅರ್ಧ ತೆರೆದಲ್ಲೇ ನಿಂತಿತು. ಇಷ್ಟು ಜನರ ಮುಂದೆ ಸುಳ್ಳಿ ಎನಿಸಿಕೊಳ್ಳುವುದು ಹೇಗೆ? ಹಸಿರು ಪರದೆ, ಸ್ಟೋವು, ಗಂಟುಮೂಟೆ ಹೊತ್ತು ಮತ್ತೆ ಓಣಿ ಓಣಿ ತಿರುಗುವುದು ಹೇಗೆ? ಇವರು ಎದ್ದುಹೋಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ತಾಯಿ ಸಾಯುತ್ತಿರುವಾಗ ಹಾಗೆ ಅಂದುಕೊಂಡಳು.

ಹಿಂದಿನಿಂದ ಉಣ್ಣೆಯ ವಾಸನೆ ಬಂತು.

ಅವ್ವ ಮಾಯಕ್ಕ ದವಾಖಾನಿಯ ಹಿಂದಿನ ಮನೆಗಳನ್ನೆಲ್ಲ ಕೇಳುತ್ತ ಬಂದಿದ್ದಳು. ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ರೊಟ್ಟಿಯ ಗಂಟು. ತುಟಿ ಕಪ್ಪಿಟ್ಟಿತ್ತು. ಒಂದೊಂದು ಉಸಿರಿಗೂ ಎದೆ ಗರಗರ ಅನ್ನುತ್ತಿತ್ತು. ಬಿದ್ದೇನೆಂದು ಬಾಗಿಲ ಚೌಕಟ್ಟು ಹಿಡಿದು, ಮಗಳ ಪಕ್ಕ ಹೊಸ್ತಿಲ ಮೇಲೆ ಕಾಲಿಟ್ಟಳು.

ಬಸವಣ್ಣೆವ್ವ ಕಂದೀಲು ಎತ್ತಿ ಹಿಡಿದಳು. ಬೆಳಕು ಒಂದೇ ಬಗೆಯ ಎರಡು ಮೂಗಿನ ಮೇಲೆ, ಒಂದೇ ಬಗೆಯ ಎರಡು ಗದ್ದದ ಮೇಲೆ ಬಿತ್ತು. ಮುದುಕಿಯ ಬಾಯಿಂದ ಮಾತು ಜಾರಿಬಿಟ್ಟಿತು. "ಇಕಿ ನಿನ್ನ ಮಗಳೇನು ಯವ್ವಾ?"

ಮಾಯಕ್ಕ ಮಗಳನ್ನು ನೋಡಿದಳು. ಮನಿಷಾ ತಲೆ ತಗ್ಗಿಸಿದಳು.

ತಾಯಿಗೆ ಅಷ್ಟು ಸಾಕಾಯಿತು. ಹುಡುಗಿ ಇಲ್ಲಿ ಏನು ಹೇಳಿಕೊಂಡು ಬದುಕಿದ್ದಾಳೆಂದು ಅವಳಿಗೆ ತಿಳಿದುಹೋಯಿತು.

"ಇಲ್ಲ ರೀ ಬಾಯಾರ. ನನಗ ಮಗಳು ಇಲ್ಲ. ಕಂಬಳಿ ಮಾರಾಕಿ ನಾನು."

ಕಲ್ಲು ನಡುಗಿತು. ಕಂದೀಲು ಕಣ್ಣು ಮಿಟುಕಿಸಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗೆ ಇಳಿಯಿತು. ಕೆಳಗಿನಿಂದ ಆ ತೊದಲು. ಇಲ್ಲ. ಇಲ್ಲ. ಇಲ್ಲ.

"ಅದಾಳ" ಎಂದು ಚೀರಿದಳು ಮನಿಷಾ. "ಅವ್ವ ಅದಾಳ ರೀ. ಸುಳ್ಳ ಹೇಳಿದ್ದೆ. ಇಕಿನ ನಮ್ಮವ್ವ. ಅದಾಳ. ಅದಾಳ."

ಸದ್ದು ನಿಂತಿತು. ಮಾಯಕ್ಕನ ಎದೆಯ ಗರಗರವೂ ನಿಂತಿತು. ಒಂದು ಉದ್ದ ಉಸಿರು ಎಳೆದುಕೊಂಡಳು. ತುಟಿಗೆ ಬಣ್ಣ ಬಂತು. ಬದುಕಿದಳು. ಮನಿಷಾ ಅವಳನ್ನು ತಬ್ಬಿಕೊಂಡು, ಆ ಉಣ್ಣೆಯ ವಾಸನೆಯಲ್ಲಿ ಮುಖ ಹುದುಗಿಸಿ ಅತ್ತಳು. ಬೆನ್ನ ಮೇಲೆ ಅವ್ವನ ಕೈ ಬರಲಿಲ್ಲ.

"ಬಿಡ್ರಿ ಬಾಯಾರ" ಎಂದಳು ಮಾಯಕ್ಕ ಮೆಲ್ಲಗೆ ಹಿಂದೆ ಸರಿಯುತ್ತ. "ನಿಮ್ಮ ಅರವಿಗೆ ಕುರಿ ವಾಸನಿ ಹತ್ತೀತು. ಯಾರ ರೀ ನೀವು?"

ಹೆತ್ತ ತಾಯಿಯ ಬಾಯಲ್ಲಿ ಪರರ ಮನೆಯ ಹೆಂಗಸರಿಗೆ ಅನ್ನುವ ಬಾಯಾರ, ನೀವು. ಮಗಳಿಲ್ಲ ಅಂದದ್ದು ಅವಳ ಪಾಲಿಗೆ ನಿಜವಾಗಿಬಿಟ್ಟಿತ್ತು. ಮನಿಷಾಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನಿಸಿತು.

ಬಸವಣ್ಣೆವ್ವ ಗೋಡೆ ಹಿಡಿದು ಕುಸಿದು ಕೂತಿದ್ದಳು. "ನಾ ಮನಿ ಬಿಡಸ್ತಿದ್ದಿಲ್ಲ ಹುಡುಗಿ. ಖರೇ ಹೇಳಿದ್ರೂ ನಾ ಬಿಡಸ್ತಿದ್ದಿಲ್ಲ." ಆಮೇಲೆ ಮಾಯಕ್ಕನಿಗೆ ಕೈ ಮುಗಿದಳು. "ಕೇಳಿದಾಕಿ ನಾ ಇನ್ನೂ ಅದೀನಿ. ಅದ ಕಲ್ಲಿನ ಮ್ಯಾಲೆ ನಿಂತು ಒಮ್ಮೆ ಅನ್ನ ಯವ್ವಾ, ಮಗಳು ಅದಾಳ ಅಂತ."

"ಅನ್ನವ್ವಾ" ಎಂದು ಮನಿಷಾ ಅವಳ ಕಾಲು ಹಿಡಿದಳು.

ಮಾಯಕ್ಕ ಇಬ್ಬರನ್ನೂ ಮರುಕದಿಂದ ನೋಡಿದಳು. "ಇದ್ದಿದ್ರ ಅಂತಿದ್ನಿ ರೀ. ಹೊಸ್ತಿಲ ಮ್ಯಾಲೆ ನಿಂತು ಸುಳ್ಳ ಹೆಂಗ ಹೇಳ್ಲಿ?"

ಕಂಕುಳಲ್ಲಿದ್ದ ರೊಟ್ಟಿಯ ಗಂಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಯಾರಿಗೆ ಕಟ್ಟಿಕೊಂಡು ಬಂದದ್ದೆಂದು ಅವಳಿಗೆ ಹೊಳೆಯಲಿಲ್ಲ. ಅಳುತ್ತಿರುವ ಹುಡುಗಿಗೆ ಹಸಿವಿರಬೇಕು ಅನಿಸಿ ಅದನ್ನು ಅವಳ ಮಡಿಲಿಗಿಟ್ಟಳು. ಕಂಬಳಿಯನ್ನು ಹೆಗಲಿಗೇರಿಸಿ, ಖಾನಾಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅವಳನ್ನೇ ಕೇಳಿದಳು.