ಅರ್ಧ ಹೂವಿನ ಅಂಚು

ಸೋಮವಾರ ಬೆಳಿಗ್ಗೆ 9-40ಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿಗೆ ಒಂದೇ ಕಣ್ಣಿಗೆ ಕಾಡಿಗೆ ಇತ್ತು. ಇನ್ನೊಂದಕ್ಕೆ ಹಚ್ಚುವಷ್ಟರಲ್ಲಿ ಫೋನು ಬಂದಿತ್ತಂತೆ. ದುಬಾರಿ ಉಡುಪುಗಳ ವಿನ್ಯಾಸ ಮಾಡುವ ಸಂಸ್ಥೆಯೊಂದರ ಒಡತಿ ಆಕೆ. ಕೆಲಸಗಾರರ ಬಾಯಲ್ಲಿ ಮೇಡಂ.

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಕಳುವಾಗಿಲ್ಲ. ಗೌನು ಅಲ್ಲೇ ಇದೆ. ಅದರ ಮೇಲಿನ ಕಸೂತಿ ಇಲ್ಲ."

"ಹರಿದಿದಾರಾ?"

"ಇಲ್ಲ."

"ಕತ್ತರಿಸಿದಾರಾ?"

"ಇಲ್ಲ ಸರ್. ಹಾಕೇ ಇರ್ಲಿಲ್ಲವೇನೋ ಅನ್ನೋ ಹಾಗಿದೆ."

ದೂರು ಬರೆದುಕೊಳ್ಳುತ್ತಿದ್ದ ಹಿರಿಯ ಪೇದೆ ಪೆನ್ನು ಎತ್ತಿ ಸಾಹೇಬರ ಮುಖ ನೋಡಿದ. ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥದಕ್ಕೆ ಕಾಲಂ ಹುಡುಕಿದ್ದು ಅವನಿಗೆ ಅದೇ ಮೊದಲು.

ಮಂಗಳವಾರ ಸಂಜೆ ಏಳಕ್ಕೆ ಪ್ರದರ್ಶನ. ಹೊರದೇಶದ ದೊಡ್ಡ ಅಂಗಡಿಗಳವರು ಬಂದು ಇಳಿದಾಗಿದೆ. ಎಲ್ಲಕ್ಕಿಂತ ಕೊನೆಗೆ ನಡೆದು ಬರಬೇಕಾದ ಗೌನು ಅದು. ಆರು ಜನ ಎರಡು ತಿಂಗಳು ಕೂತು ಅಂಚು ತುಂಬಿದ್ದರು. ಶನಿವಾರ ಸಂಜೆ ರೂಪದರ್ಶಿಗೆ ತೊಡಿಸಿ ನೋಡಿ ಬೀಗ ಹಾಕಿದ್ದು. ಭಾನುವಾರ ರಜೆ. ಬೀಗದ ಕೀಲಿ ಎರಡು: ಒಂದು ಮೇಡಂ ಬಳಿ, ಇನ್ನೊಂದು ಇಸ್ತ್ರಿಯವನ ಬಳಿ.

"ಅವನದೇ ಕೆಲಸ," ಎಂದರು ಮೇಡಂ. "ಹೋದ ವಾರ ಒಂದು ತೋಳು ಸುಟ್ಟ ಅಂತ ಬೈದಿದ್ದೆ. ಒಳಗೆ ಹಾಕಿ, ಬಾಯಿ ತಾನಾಗೇ ಬಿಡ್ತಾನೆ."

10-05ಕ್ಕೆ ಎಫ್‌ಐಆರ್ ದಾಖಲಾಯಿತು. ಸ್ವತ್ತಿಗೆ ಉದ್ದೇಶಪೂರ್ವಕ ಹಾನಿ.

ಕೆಲಸದ ಮನೆ ಮೂರನೆಯ ಮಹಡಿಯಲ್ಲಿತ್ತು. ಕಿಟಕಿಯ ಬದಿಗೆ ಕಸೂತಿಯವರ ಉದ್ದನೆಯ ಚೌಕಟ್ಟುಗಳು, ಮೂಲೆಯಲ್ಲಿ ಇಸ್ತ್ರಿ ಮೇಜು, ಗೋಡೆ ತುಂಬ ಸಣ್ಣ ಸಣ್ಣ ಡ್ರಾಯರುಗಳ ದಾರದ ಬೀರು. ಒಳಕೋಣೆಯಲ್ಲಿ ಮರದ ಬೊಂಬೆಯ ಮೇಲೆ ಬೂದು ರೇಷ್ಮೆಯ ಗೌನು. ಇನ್‌ಸ್ಪೆಕ್ಟರ್ ಇಬ್ಬರು ಸಾಕ್ಷಿಗಳನ್ನು ಕರೆಸಿ 10-50ಕ್ಕೆ ಪಂಚನಾಮೆ ಶುರು ಮಾಡಿದರು.

ಮಹಿಳಾ ಪೇದೆ ಮಂಡಿಯೂರಿ ಅಂಚಿಗೆ ಟಾರ್ಚ್ ಹಿಡಿದಳು. ಅವಳ ತಾಯಿ ಹೊಲಿಗೆ ಮಿಷನ್ ತುಳಿದೇ ಅವಳನ್ನು ಓದಿಸಿದ್ದು.

"ಸರ್, ಇದು ಸಿಟ್ಟಿನ ಕೆಲಸ ಅಲ್ಲ. ಒಂದೊಂದೇ ಹೊಲಿಗೆ ಬಿಚ್ಚಿದಾರೆ. ಬಿಚ್ಚಿದ ಮೇಲೆ ಸೂಜಿಯ ತೂತು ಮುಚ್ಚೋ ಹಾಗೆ ಉಗುರಿನ ಬೆನ್ನಿಂದ ಉಜ್ಜಿದಾರೆ. ಬಟ್ಟೆಗೆ ನೋವಾಗಬಾರದು ಅನ್ನೋ ಥರ."

"ಎಷ್ಟು ಹೊತ್ತು ಬೇಕು?"

"ಹೊಲಿದವರೇ ಆದರೆ ಆರೇಳು ತಾಸು. ಬೇರೆಯವರು ಆದರೆ ರೇಷ್ಮೆ ಉಳೀತಿರಲಿಲ್ಲ."

ನೆಲದ ಮೇಲೆ ದಾರದ ಒಂದು ತುಣುಕೂ ಇರಲಿಲ್ಲ.

ಎದುರಿನ ಗೋಡೆಗೆ ಚಿತ್ರಗಳನ್ನು ಚುಚ್ಚಿದ ಹಲಗೆ. ಒಂದು ಬದಿಗೆ ಹುಡುಗಿಯೊಬ್ಬಳ ಮುಖ: ತುಟಿಗೆ ಬಣ್ಣವಿಲ್ಲ, ಕಣ್ಣಿನ ಕೆಳಗೆ ತೆಳು ಕೆಂಪು. ಪಕ್ಕದಲ್ಲಿ ಹಳೆಯ ಬಿಳಿ ಬಟ್ಟೆಯ ತುಂಡೊಂದರ ಫೋಟೋ. ಅದರ ಅಂಚಿನಲ್ಲಿ ಸಾಲಾಗಿ ಹೂವು. ಸಾಲಿನ ಕೊನೆಯ ಹೂವು ಅರ್ಧಕ್ಕೇ ನಿಂತಿತ್ತು.

"ಈ ಮುಖಕ್ಕೆ ಏನಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಅದು ಈ ವರ್ಷದ ಮೇಕಪ್ಪು ಸರ್. ಅತ್ತು ಮುಗಿಸಿದ ಕಣ್ಣು. ಎಲ್ಲ ಕಡೆ ಅದೇ ನಡೀತಿದೆ."

"ಈ ಬಟ್ಟೆ?"

"ನಮ್ಮ ದೊಡ್ಡಕ್ಕಂದು. ಕಸೂತಿಯವರಲ್ಲಿ ಹಿರಿಯಳು. ಯಾವುದೋ ಹಳೇದು, ತೂತು ಬಿದ್ದಿತ್ತು ಅಂತ ರಿಪೇರಿಗೆ ತಂದಿದ್ಲು. ಆ ಅರ್ಧ ಹೂವು ನೋಡಿ ಮೈ ಜುಮ್ ಅಂತು ನಂಗೆ. ಗೌನಿನ ಅಂಚಿಗೆಲ್ಲ ಅದನ್ನೇ ಹಾಕಿಸಿದೆ. ನೂರ ಹನ್ನೆರಡು ಅರ್ಧ ಹೂವು. ಪೂರ್ತಿ ಹೂವನ್ನ ಯಾರು ಬೇಕಾದ್ರೂ ಹಾಕ್ತಾರೆ."

11-30. ಇಸ್ತ್ರಿಯವನನ್ನು ಕರೆಸಿದರು. ಐವತ್ತು ದಾಟಿದ ಸಣಕಲ ಮನುಷ್ಯ. ಎಲ್ಲರೂ ಇಸ್ತ್ರಿ ಅಣ್ಣ ಎನ್ನುತ್ತಿದ್ದರು.

"ಭಾನುವಾರ ಕೀಲಿ ಯಾರ ಹತ್ರ ಇತ್ತು?"

"ನನ್ನ ಹತ್ರಾನೇ."

"ಯಾರಿಗಾದ್ರೂ ಕೊಟ್ಯಾ?"

"ಇಲ್ಲ."

"ನೀನು ಬಂದಿದ್ಯಾ?"

"ಬಂದಿದ್ದೆ ಅಂತಲೇ ಬರ್ಕೊಳ್ಳಿ."

"ಬಂದು ಕಸೂತಿ ಬಿಚ್ಚಿದ್ಯಾ?"

"ನಂಗೆ ಅಂಗಿ ಗುಂಡಿ ಹಾಕ್ಕೊಳ್ಳೋಕೂ ಬರಲ್ಲ ಸ್ವಾಮಿ. ನಮ್ಮನೇಲಿ ಅವಳೇ ಹಾಕ್ಕೊಡೋದು, ಜೊತೆಗೆ ನಾಲ್ಕು ಮಾತೂ ಹಾಕ್ತಾಳೆ." ನಗಲು ನೋಡಿದ, ಆಗಲಿಲ್ಲ. "ಆದ್ರೂ ಕೀಲಿ ನಂದು. ಕೇಸೂ ನಂದೇ ಇರ್ಲಿ."

ಹಿರಿಯ ಪೇದೆ ಕಿವಿಯ ಹತ್ತಿರ ಬಗ್ಗಿದ. "ಸರ್, ಇವನು ಯಾರಿಗೋ ಅಡ್ಡ ನಿಂತಿದಾನೆ."

"ಗೊತ್ತು."

ಬಾಗಿಲಲ್ಲಿ ಮೇಡಂ ಗಡಿಯಾರ ನೋಡುತ್ತಿದ್ದರು. ಮೇಲಿನವರಿಂದ ಇನ್‌ಸ್ಪೆಕ್ಟರರಿಗೆ ಆಗಲೇ ಎರಡು ಸಲ ಫೋನು ಬಂದಿತ್ತು. ಮಧ್ಯಾಹ್ನದ ಒಳಗೆ ಯಾರನ್ನಾದರೂ ಕರೆದುಕೊಂಡು ಹೋಗಲೇಬೇಕು. ಇಸ್ತ್ರಿ ಅಣ್ಣ ಎರಡು ಕೈಯನ್ನೂ ಮುಂದೆ ಚಾಚಿಕೊಂಡೇ ಕೂತಿದ್ದ.

12-20ಕ್ಕೆ ಮಹಿಳಾ ಪೇದೆ ದಾರದ ಬೀರುವಿನ ಮುಂದಿನಿಂದ ಕರೆದಳು. "ಸರ್, ಇಲ್ಲಿ ಬನ್ನಿ."

ಅವಳು ಏಳು ಡ್ರಾಯರು ಎಳೆದಿಟ್ಟಿದ್ದಳು. ಏಳರಲ್ಲೂ ರಟ್ಟಿನ ಪಟ್ಟಿಗೆ ಸುತ್ತಿದ ರೇಷ್ಮೆ ದಾರ, ಬಣ್ಣಕ್ಕೆ ತಕ್ಕ ಜಾಗದಲ್ಲಿ.

"ಹೊಸ ದಾರ ಕನ್ನಡಿ ಥರ ನುಣ್ಣಗಿರುತ್ತೆ. ಈ ಪಟ್ಟಿಗಳ ದಾರ ನೋಡಿ, ಸೊಟ್ಟ ಸೊಟ್ಟ. ಒಮ್ಮೆ ಹೊಲಿದು ಬಿಚ್ಚಿದ್ದು. ತುಂಡುಗಳಿಗೆ ಗಂಟು ಹಾಕಿ ಸುತ್ತಿಟ್ಟಿದಾರೆ."

"ಕದ್ದು ಬಿಚ್ಚಿದೋರು ದಾರಾನ ವಾಪಸ್ ಜಾಗದಲ್ಲಿ ಇಡ್ತಾರಾ?"

"ಒಳ್ಳೆ ಕೆಲಸಗಾರ್ತಿ ಇಟ್ಟೇ ಇಡ್ತಾಳೆ ಸರ್. ರೇಷ್ಮೆ ಬಿಸಾಕೋಕೆ ಕೈ ಬರಲ್ಲ. ನಮ್ಮಮ್ಮ ಹರಿದ ಲಂಗದ ದಾರಾನೂ ಸುತ್ತಿಡ್ತಿದ್ಲು." ಅವಳು ಎರಡು ಪಟ್ಟಿ ಅಕ್ಕಪಕ್ಕ ಹಿಡಿದಳು. "ಇನ್ನೊಂದು ವಿಷಯ. ಬೀರಲ್ಲಿರೋ ಬೇರೆ ಪಟ್ಟಿಗಳೆಲ್ಲ ಒಂದು ದಿಕ್ಕಿಗೆ ಸುತ್ತಿರೋವು. ಇವು ಉಲ್ಟಾ. ಎಡಗೈಯವರು ಸುತ್ತಿದ್ದು."

ಇನ್‌ಸ್ಪೆಕ್ಟರ್ ಆರು ಕಸೂತಿಯವರನ್ನೂ ಬೆಂಚಿನ ಮೇಲೆ ಕೂರಿಸಿ, ಒಬ್ಬೊಬ್ಬರಿಗೂ ಒಂದು ಖಾಲಿ ಪಟ್ಟಿ, ಒಂದು ಎಳೆ ದಾರ ಕೊಡಿಸಿದರು. "ಸುತ್ತಿ."

ಐದು ಜನ ಸುತ್ತತೊಡಗಿದರು. ಕೊನೆಯವಳು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದವಳು, ಪಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನಿದ್ದಳು. ಅಷ್ಟರಲ್ಲಿ ಹಿರಿಯ ಪೇದೆ ಇಸ್ತ್ರಿ ಅಣ್ಣನ ತೋಳು ಹಿಡಿದು ಬಾಗಿಲ ಕಡೆ ನಡೆಸಿಕೊಂಡು ಹೊರಟಿದ್ದ. ಹಾಗೆ ನಡೆಸು ಎಂದು ಇನ್‌ಸ್ಪೆಕ್ಟರರೇ ಹೇಳಿದ್ದರು.

"ಅವನನ್ನ ಬಿಡಿ," ಎಂದಳು ಅವಳು. "ನಾನು ಸುತ್ತಿ ತೋರಿಸೋದೇನೂ ಬೇಡ. ನಾನು ಎಡಚಿ. ಬಿಚ್ಚಿದ್ದು ನಾನೇ."

ಇಸ್ತ್ರಿ ಅಣ್ಣ ಅಲ್ಲೇ ನಿಂತ. "ದೊಡ್ಡಕ್ಕಾ, ಬಾಯಿ ಮುಚ್ಕೊಂಡಿದ್ರೆ ಆಗ್ತಿರಲಿಲ್ವಾ?"

"ನಿನ್ನ ಕೈಗೆ ಕೋಳ ಬೀಳೋದನ್ನ ನೋಡ್ಕೊಂಡಾ? ಇಸ್ತ್ರಿ ಆರೋಗುತ್ತೆ, ಹೋಗು."

ಪ್ರಶ್ನೆಗಳಿಗೆ ನೆಟ್ಟಗೆ ಉತ್ತರ ಕೊಟ್ಟಳು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕೀಲಿ ಕೇಳಿದಳು. ಅವನು ಯಾಕೆ ಎಂದು ಕೇಳದೆ ಕೊಟ್ಟ. ಸಂಜೆ ನಾಲ್ಕಕ್ಕೆ ಮುಗಿಯಿತು.

"ಎರಡು ತಿಂಗಳು ನೀನೇ ಹೊಲಿದೆ. ಆಗ ಯಾಕೆ ಬೇಡ ಅನ್ನಲಿಲ್ಲ?"

"ಆ ಅರ್ಧ ಹೂವು ನಮ್ಮಮ್ಮ ಹಾಕಿದ್ದು. ಹೊಲಿಯೋವಾಗ ಅಮ್ಮನ ಪಕ್ಕ ಕೂತ ಹಾಗಿತ್ತು ಸಾಹೇಬ್ರೆ. ಶನಿವಾರ ಆ ಹುಡುಗಿಗೆ ತೊಡಿಸಿದ್ರು. ಅವಳ ಕಣ್ಣ ಕೆಳಗೆ ಬ್ರಷ್ಷಿಂದ ಅಳು ಬರೆದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ಮೇಡಂನ ಕೇಳ್ಕೊಂಡೆ, ಹೂವು ಪೂರ್ತಿ ಮಾಡ್ಲಾ, ಒಂದು ದಿನ ಕೊಡಿ ಅಂತ. ಅರ್ಧ ಇದ್ರೇನೇ ಬೆಲೆ ಅಂದ್ರು."

ಒಳಗೆ ಬಂದ ಮೇಡಂ ಇದನ್ನು ಕೇಳಿಸಿಕೊಂಡು ಬಾಗಿಲಿಗೆ ಒರಗಿದರು. ಆಮೇಲೆ ಅವರು ಆಡಿದ ಮಾತು ಯಾರೂ ನಿರೀಕ್ಷಿಸಿದ್ದಲ್ಲ.

"ಸರ್, ಬುಧವಾರ ಅರೆಸ್ಟ್ ಮಾಡಿ. ಇವತ್ತು ಬೇಡ. ಅಂಚು ಮತ್ತೆ ಹಾಕೋಕೆ ಇವಳ ಕೈಯೇ ಬೇಕು. ಮುಂದಿನ ಭಾಗ ಒಂದೇ ಆದ್ರೂ ಸಾಕು. ದೊಡ್ಡಕ್ಕಾ, ದೂರೇ ವಾಪಸ್ ತಗೋತೀನಿ. ಗೌನಿನ ಜೊತೆ ನಿಮ್ಮಮ್ಮನ ಹೆಸರು ಹಾಕಿಸ್ತೀನಿ, ದೊಡ್ಡದಾಗಿ."

"ಹೆಸರು ಕೇಳಿದ್ನಾ ನಾನು?"

"ಮತ್ತೇನು ಬೇಕು ನಿಂಗೆ?"

ದೊಡ್ಡಕ್ಕ ಇನ್‌ಸ್ಪೆಕ್ಟರರ ಕಡೆ ತಿರುಗಿದಳು. "ಈಗಲೇ ಕರ್ಕೊಂಡು ಹೋಗಿ. ಇಲ್ಲೇ ಇದ್ರೆ ಈ ಕೈ ನನ್ನ ಮಾತು ಕೇಳಲ್ಲ. ಚೌಕಟ್ಟು ಕಂಡ್ರೆ ಹೊಲಿಯೋಕೆ ಹೋಗುತ್ತೆ. ನಲವತ್ತು ವರ್ಷದ ಚಾಳಿ."

ಇನ್‌ಸ್ಪೆಕ್ಟರ್ ಮೇಡಂ ಕಡೆಗೊಮ್ಮೆ, ಚೌಕಟ್ಟಿನ ಕಡೆಗೊಮ್ಮೆ ನೋಡಿದರು. ದೂರು ವಾಪಸ್ ಪಡೆಯಲು ಏನು ಮಾಡಬೇಕೆಂದು ಮೇಡಂಗೆ ವಿವರಿಸಬಹುದಿತ್ತು. ಅವಳನ್ನು ಆ ಚೌಕಟ್ಟಿನ ಮುಂದೆ ಬಿಟ್ಟು ಹೋಗಬಹುದಿತ್ತು. ಕಡತ ಸುಲಭವಾಗಿ ಮುಚ್ಚುತ್ತಿತ್ತು.

"ಸಮಯ ಬರೆದುಕೊ," ಎಂದರು ಪೇದೆಗೆ. "ಒಂದು ಗಂಟೆ ಹತ್ತು ನಿಮಿಷ. ದಸ್ತಗಿರಿ."

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು 2-30ಕ್ಕೆ. ಮಹಿಳಾ ಪೇದೆ ಟೀ ತಂದಿಟ್ಟಳು. ಆರೋಪಿ ಹೇಳಿದ್ದು ಇಷ್ಟು: ಆ ಬಿಳಿ ಬಟ್ಟೆ ಅವಳ ತಾಯಿ ಚೊಚ್ಚಲ ಬಸುರಿಯಲ್ಲಿ ಮಗುವಿಗೆಂದು ಹೊಲಿಯಲು ಹಿಡಿದದ್ದು. ತಾಯಿ ಪದ್ಯ ಹೇಳಿಕೊಂಡು ಅದರ ಲೆಕ್ಕಕ್ಕೇ ಹೊಲಿಯುತ್ತಿದ್ದಳು, ಒಂದು ಸಾಲಿಗೆ ಒಂದು ಎಸಳು. ಹೆಣ್ಣು ಮಗು ಹುಟ್ಟಿತು. ತೊಟ್ಟಿಲ ಪಕ್ಕ ಕೂತು ಹೊಲಿಗೆ ಮುಂದುವರಿಸಿದಳು. ಹನ್ನೊಂದನೆಯ ದಿನ ಹೂವು ಅರ್ಧಕ್ಕೆ ಬಂದಾಗ ಮಗುವಿನ ಉಸಿರು ನಿಂತಿತು. ತಾಯಿ ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟಳು. ಆಮೇಲೆ ಹುಟ್ಟಿದವಳು ಈಕೆ. ಆ ಪದ್ಯವನ್ನು ಆ ಮನೆಯಲ್ಲಿ ಮತ್ತೆ ಯಾರೂ ಹೇಳಲಿಲ್ಲ. ತಾಯಿ ತೀರಿದ ಮೇಲೆ ಮಡಿಕೆ ಬಿಚ್ಚಿ ನೋಡಿದರೆ ಸೂಜಿ ತುಕ್ಕು ಹಿಡಿದು ಬಟ್ಟೆ ತೂತಾಗಿತ್ತು.

"ಎಲ್ಲರೂ ನನ್ನನ್ನ ದೊಡ್ಡಕ್ಕ ಅಂತಾರೆ," ಎಂದಳು. "ನಂಗೆ ಅಕ್ಕ ಅಂತ ಇದ್ದದ್ದು ಆ ಬಟ್ಟೆಯೊಂದೇ."

ಅವಳು ಓದಿ ನೋಡಿ ಎಡಗೈಯಿಂದ ಸಹಿ ಹಾಕಿದಳು.

ಏಳು ಪಟ್ಟಿ ದಾರ, ಗೌನು, ಹಲಗೆಯ ಮೇಲಿನ ಫೋಟೋ: ಜಪ್ತಿ ಪಟ್ಟಿ ಸಿದ್ಧವಾಯಿತು. ಹಿರಿಯ ಪೇದೆ ಕೇಳಿದ, "ಆ ಹಳೇ ಬಟ್ಟೆ ಅವಳ ಮನೇಲಿದೆಯಂತೆ. ಹೋಗಿ ತರಲಾ ಸರ್?"

ಇನ್‌ಸ್ಪೆಕ್ಟರ್ ಪೆನ್ನು ತೆಗೆದುಕೊಂಡು ಪಟ್ಟಿಯ ಕೆಳಗೆ ಗೆರೆ ಎಳೆದರು. ಆ ಬಟ್ಟೆ ಪ್ರಕರಣಕ್ಕೆ ಅಗತ್ಯವಿಲ್ಲ ಎಂದು ಬರೆದು, ಸಹಿ ಮಾಡಿ, ಸಮಯ ನಮೂದಿಸಿದರು.