ಅಜ್ಜಿಗೆ ಹೋಮ್‌ವರ್ಕ್ ಉಂಟಾ?

“ಗೇಮ್ ಕಂಪನಿಯವರು ಎಂತ ಬರೆದಿದ್ದಾರೆ ನೋಡಿ. ಅವರದ್ದೇನೂ ತಪ್ಪಿಲ್ಲವಂತೆ!”

ವಕೀಲೆ ಫಿಯೋನಾ ಕಾಗದವನ್ನು ಮೇಜಿನ ಮೇಲೆ ಟಪ್ಪನೆ ಬಡಿದರು. ಉಡುಪಿಯ ಅವರ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಐದನೇ ಕ್ಲಾಸಿನ ವಿಜೇತಾ, ಅಪ್ಪನ ಪಕ್ಕ ಮುದುಡಿ ಕುಳಿತಳು.

ಆದದ್ದಿಷ್ಟು. ‘ಜಿಗ್ಗಿ ಟೌನ್’ ಎಂಬ ಗೇಮ್‌ನ ಚಾಟ್‌ನಲ್ಲಿ ಒಬ್ಬ ಅವಳ ಫ್ರೆಂಡ್ ಆಗಿದ್ದ. ಅವಳು ಎಲ್ಲಿ ಬಸ್ ಹತ್ತುತ್ತಾಳೆಂದು ಸಿಹಿಸಿಹಿಯಾಗಿ ಕೇಳಿ ತಿಳಿದುಕೊಂಡ. ಆಮೇಲೆ ಫೋಟೋ ಬೇಕೆಂದ. ಕೊಡುವುದಿಲ್ಲ ಎಂದದ್ದೇ ತಡ, “ಕಟಪಾಡಿ ಬಸ್‌ಸ್ಟಾಪಿಗೇ ಬರ್ತೇನೆ” ಎಂದು ಹೆದರಿಸಿದ. ವಿಜೇತಾ ಮತ್ತೆ ಮತ್ತೆ ರಿಪೋರ್ಟ್ ಒತ್ತಿದಳು. ಕಂಪನಿಯಿಂದ ಬಂದದ್ದು ಒಂದು ನಗುವ ಇಮೋಜಿ, ಅಷ್ಟೇ!

ಅವನನ್ನೇನೋ ಪೊಲೀಸರು ಹಿಡಿದರು. ಆದರೆ ಬಸ್‌ಸ್ಟಾಪಿನಲ್ಲಿ ನಿಲ್ಲಲು ವಿಜೇತಾಳಿಗೆ ಈಗಲೂ ಭಯ. ಕಂಪನಿಯೂ ಉತ್ತರ ಕೊಡಲಿ ಎಂದು ಅಪ್ಪ ಸುಕೇಶ್ ಕೇಸಿಗೆ ಹೊರಟಿದ್ದರು.

“ಸಣ್ಣ ಮಕ್ಕಳನ್ನು ಸೇರಿಸುವುದೇ ಇಲ್ಲ ಅಂತಾರೆ ಇವರು. ನೀನು ಹೇಗೆ ಸೇರಿದೆ ಮಾರಾಯ್ತಿ?” ಫಿಯೋನಾ ಕೇಳಿದರು.

ಸಿಕ್ಕಿಬಿದ್ದಳು! ನಿಜ ಹೇಳಿದರೆ ಕೇಸೂ ಹೋಯಿತು, ಅಪ್ಪನ ಮುಂದೆ ಮರ್ಯಾದೆಯೂ ಹೋಯಿತು.

“ಅಜ್ಜಿ ಹುಟ್ಟಿದ ವರ್ಷ ಹಾಕಿದೆ,” ಎಂದಳು ಪಿಸುದನಿಯಲ್ಲಿ. “ಹತ್ತೊಂಬೈನೂರ ಐವತ್ತೊಂದು.”

“ಅಯ್ಯೋ ವಿಜ್ಜೂ!” ಅಪ್ಪ ತಲೆಗೆ ಕೈ ಹಚ್ಚಿದರು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅಪ್ಪನ ಫೋನ್ ಟಿಂಗ್ ಎಂದಿತು. ವಿಜೇತಾ ಆಡುತ್ತಿದ್ದದ್ದು ಅದರಲ್ಲೇ. ಸಾಕ್ಷಿಗೆ ಬೇಕೆಂದು ಆ ಗೇಮನ್ನು ಅಳಿಸಿರಲಿಲ್ಲ. ಫಿಯೋನಾ ಓದಿದರು: “ವಿಜೇತಾ, ಸ್ಕೂಲ್ ಬಿಟ್ಟಿತಾ? ಬೇಗ ಹೋಮ್‌ವರ್ಕ್ ಮುಗಿಸಿ ಬಾ. ನಿನ್ನ ಯೂನಿಕಾರ್ನ್ ಕಾಯುತ್ತಿದೆ!”

“ಇದು ದಿನಾ ಬರ್ತದಾ?”

“ಹ್ಞೂಂ. ಭಾನುವಾರ ಮಾತ್ರ ಇಲ್ಲ. ಪರೀಕ್ಷೆ ಟೈಮಲ್ಲಿ ಆಲ್ ದಿ ಬೆಸ್ಟ್ ಕೂಡ ಹೇಳ್ತದೆ.”

ಫಿಯೋನಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸುಕೇಶ್, ಎಪ್ಪತ್ತು ದಾಟಿದ ಅಜ್ಜಿ ಯಾವ ಸ್ಕೂಲಿಗೆ ಹೋಗ್ತಾರೆ, ಹೇಳಿ ನೋಡುವ!”

ಅಪ್ಪನಿಗೂ ನಗು ತಡೆಯಲಾಗಲಿಲ್ಲ. ವಿಜೇತಾ ಮಾತ್ರ ನಗಲಿಲ್ಲ.

“ಹಾಗಾದ್ರೆ... ನಾನು ಸಣ್ಣವಳು ಅಂತ ಅವರಿಗೆ ಮೊದಲೇ ಗೊತ್ತಿತ್ತಾ?”

ಇಬ್ಬರ ನಗುವೂ ನಿಂತಿತು. “ಗೊತ್ತಿತ್ತು ಮಗಾ,” ಎಂದರು ಫಿಯೋನಾ.

ಎಲ್ಲ ತನ್ನಿಂದಲೇ ಆಯಿತೆಂದು ಇಷ್ಟು ದಿನ ಸರಿಯಾಗಿ ಊಟವನ್ನೂ ಮಾಡಿರಲಿಲ್ಲ ಹುಡುಗಿ. ಈಗ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು. ಅಂಗೈಯಿಂದ ಕಣ್ಣು ಒರೆಸಿಕೊಂಡು ನೆಟ್ಟಗೆ ಕುಳಿತಳು.

“ಅಜ್ಜಿಯ ವರ್ಷ ಹಾಕಿದ್ದು ನಾನೇ ಅಂತ ಕೋರ್ಟಲ್ಲಿ ಹೇಳ್ತೇನೆ ಮೇಡಂ. ಗೊತ್ತಿದ್ದೂ ಕರೆದದ್ದು ಯಾಕೆ ಅಂತ ಅವರು ಹೇಳ್ಲಿ.”