ಅವನೇ ತೆಗೆಯಬೇಕಾದ ಬಾವುಟ

ಶನಿವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತಳ್ಳಿದವಳೇ ಲೋರ್ನಾ ನಿಂತಲ್ಲೇ ನಿಂತುಬಿಟ್ಟಳು. ಬೋಗಿಯ ಮುಂದೆ, ಹಳಿಗೆ ಕಚ್ಚಿಸಿದ ಸರಳಿನ ಮೇಲೆ, ವೆಸ್ ಹಾಸ್ಕೆಲ್‌ನ ನೀಲಿ ಬಾವುಟ ಹಾಗೇ ಇತ್ತು. ವೆಸ್ ಮಾತ್ರ ಇರಲಿಲ್ಲ.

ಇದು ನಡೆಯಬಾರದ ಸಂಗತಿ. ಕಾರ್ವರ್ಸ್ ಮಿಲ್ಸ್ ಎಂಬ ಊರಿನ ಪುಟ್ಟ ರೈಲಿನ ಮ್ಯೂಸಿಯಂನಲ್ಲಿ ಹೇಳಿಕೊಳ್ಳುವಂಥ ಕಟ್ಟುನಿಟ್ಟು ಯಾವುದೂ ಇಲ್ಲ. ಎಲ್ಲರೂ ಬಿಟ್ಟಿ ಕೆಲಸದವರು. ಚಳಿಗಾಲದ ವಾರಾಂತ್ಯಗಳಲ್ಲಿ ಬಂದು, ಕೈಲಾದ ರಿಪೇರಿ ಮಾಡಿ, ಬೀನ್ಸ್ ತಿಂದು ಮನೆಗೆ ಹೋಗುವವರು. ಆದರೆ ಬಾವುಟದ ವಿಷಯದಲ್ಲಿ ಮಾತ್ರ ಯಾರೂ ತಮಾಷೆ ಮಾಡುವುದಿಲ್ಲ. ಗಾಡಿಯ ಅಡಿಗೆ ಇಳಿಯುವವರು ತಮ್ಮ ಹೆಸರಿನ ಬಾವುಟ ನೆಟ್ಟು ಇಳಿಯಬೇಕು, ಮೇಲೆ ಬಂದು ತಾವೇ ಕೀಳಬೇಕು. ಅದು ಇರುವ ತನಕ ಗಾಡಿ ಒಂದಿಂಚು ಅಲುಗಬಾರದು, ಇನ್ನೊಬ್ಬರ ಕೈ ಅದನ್ನು ಮುಟ್ಟಬಾರದು. ಎರಡೇ ಅಡಿ ಅಗಲದ ಹಳಿ ನೋಡಿ ಆಟದ ರೈಲು ಎಂದು ನಗುವವರು ನಗಲಿ. ಚಕ್ರದ ಕೆಳಗೆ ಕೈ ಸಿಕ್ಕರೆ ಆಟದ ರೈಲೂ ಕೈ ಉಳಿಸುವುದಿಲ್ಲ.

ಹನ್ನೊಂದು ಚಳಿಗಾಲಗಳಿಂದ ಬರುತ್ತಿರುವ ವೆಸ್ ಒಂದು ದಿನವೂ ಬಾವುಟ ಮರೆತವನಲ್ಲ. ಮರೆತವರಿಗೆ ಬೈಯುತ್ತಿದ್ದವನೇ ಅವನು.

"ನೋಡಿದ್ಯಾ?" ಎಂದು ಮರ್ಲ್ ಹಿಂದಿನಿಂದ ಕೇಳಿದ. ಮರ್ಲ್ ಕ್ರಾಕೆಟ್ ಶೆಡ್ಡಿನ ಹಿರಿಯ, ಒಂದು ಕಾಲದಲ್ಲಿ ಕಾಗದದ ಕಾರ್ಖಾನೆಯಲ್ಲಿದ್ದವನು. "ಹತ್ತು ಗಂಟೆಗೆ ಮಕ್ಕಳ ರೈಲು. ಒಲೆ ಇರೋ ಬೋಗಿ ಇದೊಂದೇ. ಇಂಜಿನ್‌ಗೆ ಆಗಲೇ ಬೆಂಕಿ ಹಾಕಿದ್ದೀವಿ."

"ನೀವೇ ಕಿತ್ತುಬಿಡಿ ಮರ್ಲ್. ಅಡೀಲಿ ಯಾರೂ ಇಲ್ಲ ಅಂತ ಕಣ್ಣಿಗೇ ಕಾಣ್ತಿದೆಯಲ್ಲ."

"ಕಾರ್ಖಾನೇಲಿ ಒಬ್ಬನ ಬಾವುಟ ಇನ್ನೊಬ್ಬ ಕಿತ್ತ. ಅವನಿಗೂ ಹೀಗೇ ಕಣ್ಣಿಗೆ ಕಂಡಿತ್ತು. ಆಮೇಲೆ ನೆಲ ತೊಳೆದವನು ನಾನು. ಹೋಗಿ ಅವನನ್ನ ಕರ್ಕೊಂಡು ಬಾ."

"ನಾನೇ ಯಾಕೆ?"

"ಸ್ಕೂಲ್ ಬಸ್ ಓಡಿಸೋಳು ನೀನು. ಹಿಮದಲ್ಲಿ ನಿನ್ನಷ್ಟು ಚೆನ್ನಾಗಿ ಗಾಡಿ ಓಡಿಸೋರು ಇಲ್ಲಿ ಇನ್ಯಾರಿದ್ದಾರೆ?"

ಒಲೆಯ ಪಕ್ಕ ಕೋಕೋ ಕಲಕುತ್ತಿದ್ದ ಮರ್ಲ್‌ನ ಹೆಂಡತಿ ಗ್ಲಾಡಿಸ್ ಸುಮ್ಮನೆ ಕೆಮ್ಮಿದಳು. ಆ ಕೆಮ್ಮಿಗೆ ಲೋರ್ನಾಳ ಕಿವಿ ಕೆಂಪಾದವು. "ಫೋನ್ ಮಾಡಬೇಡ, ಸಿಗಲ್ಲ," ಎಂದಳು ಗ್ಲಾಡಿಸ್. "ಕೊಳದ ಮೇಲೆ ಮಂಜುಗಡ್ಡೆ ಕೊರೆದು ಮೀನು ಹಿಡೀತಾ ಕೂತಿರ್ತಾನೆ. ಹಸಿರು ಬಾಗಿಲಿನ ಮರದ ಗೂಡು. ನಿನಗೆ ಗೊತ್ತಿರುತ್ತೆ ಬಿಡು."

ಗೊತ್ತಿತ್ತು. ಆ ದಾರಿಯಲ್ಲಿ ಬಸ್ಸು ತಿರುಗಿಸುವಾಗಲೆಲ್ಲ ಹೆಪ್ಪುಗಟ್ಟಿದ ಕೊಳದ ಕಡೆ ಕಣ್ಣು ಹಾಯಿಸುತ್ತಿದ್ದವಳಿಗೆ ಗೊತ್ತಿರದೆ ಇರುತ್ತದೆಯೇ?

ಗಾಡಿ ಓಡಿಸುತ್ತಾ ಅವಳ ತಲೆ ಒಂದೇ ಕಡೆ ಗಿರಗಿರ ತಿರುಗಿತು. ಮರೆತು ಹೋದನೇ, ಬೇಕೆಂದೇ ಬಿಟ್ಟು ಹೋದನೇ? ಬೇಕೆಂದೇ ಆದರೆ ಯಾರ ಮೇಲಿನ ಸಿಟ್ಟಿಗೆ? ಮ್ಯೂಸಿಯಂ ಮೇಲೋ, ತನ್ನ ಮೇಲೋ?

ಮೂರು ಚಳಿಗಾಲಗಳಿಂದ ಈ ಮನುಷ್ಯ ಅವಳಿಗೆ ಅರ್ಥವಾಗಿರಲಿಲ್ಲ. ಕಾಫಿ ಕೊಡುವಾಗ ಮಗ್ಗಿನ ಹಿಡಿಯನ್ನು ಅವಳ ಕಡೆ ತಿರುಗಿಸಿ, ತಾನು ಸುಡುವ ಬದಿ ಹಿಡಿದುಕೊಳ್ಳುತ್ತಿದ್ದ. ಅವಳು ತೆಗೆದುಕೊಳ್ಳುವ ತನಕ ಅವಳ ಬೆರಳುಗಳನ್ನೇ ನೋಡುತ್ತಿದ್ದ, ಅವಳು ಕಣ್ಣೆತ್ತಿದರೆ ಸೂರು ನೋಡುತ್ತಿದ್ದ. ಅಷ್ಟು ಮಾಡಿದವನು ಮುಂದಿನ ಎರಡು ಶನಿವಾರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಒಮ್ಮೆ ಅವಳು ಕೂದಲು ಕುತ್ತಿಗೆಯ ತನಕ ಕತ್ತರಿಸಿಕೊಂಡು ಬಂದಿದ್ದಳು. ಶೆಡ್ಡಿನಲ್ಲಿದ್ದವರೆಲ್ಲ ಹೊಗಳಿದರು. ವೆಸ್ ಇಡೀ ದಿನ ಸುಮ್ಮನಿದ್ದು, ಹೊರಡುವಾಗ ಬಾಗಿಲಲ್ಲಿ ನಿಂತು, "ಕಿವಿಗೆ ಚಳಿಯಾಗಲ್ವಾ?" ಎಂದು ಕೇಳಿ ಹೋಗಿಬಿಟ್ಟ. ಇದು ಮೆಚ್ಚುಗೆಯೋ, ಕೊಂಕೋ, ಬರೀ ಹವಾಮಾನದ ಮಾತೋ ಎಂದು ಅವಳು ವಾರಪೂರ್ತಿ ತಲೆ ಕೆಡಿಸಿಕೊಂಡಳು. ಮುಂದಿನ ಶನಿವಾರ ಅವಳು ಕೋಟು ನೇತುಹಾಕುವ ಗೂಟದಲ್ಲಿ ಕಿವಿ ಮುಚ್ಚುವ ಉಣ್ಣೆಯ ಟೋಪಿಯೊಂದು ನೇತಾಡುತ್ತಿತ್ತು. ಯಾರಿಟ್ಟರೆಂದು ಯಾರೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಈಗ ತಲೆಯ ಮೇಲಿದ್ದದ್ದು ಅದೇ.

ನಿನ್ನೆ ಸಂಜೆ ಮಕ್ಕಳ ರೈಲಿನ ತಯಾರಿಗೆ ಎಲ್ಲರೂ ಸೇರಿದ್ದಾಗ ಗ್ಲಾಡಿಸ್ ಮಾತಿಗೆ ಮಾತು ಬಂದು ಹೇಳಿದ್ದಳು: "ವೆಸ್‌ನ ಕೊಲೊರಾಡೋಗೆ ಕರೀತಿದ್ದಾರಂತಲ್ಲ, ಬೆಟ್ಟದ ರೈಲಿನವರು. ಸಂಬಳದ ಕೆಲಸವಂತೆ."

ಈ ಸುದ್ದಿಯೂ ಲೋರ್ನಾಳಿಗೆ ಎಲ್ಲರಿಗಿಂತ ಕೊನೆಗೇ ಬಂದಿತ್ತು. ಹಿಂದೊಮ್ಮೆ ಅವಳ ಗಂಡ ಗಿಲ್ ಮನೆ ಬಿಟ್ಟಾಗಲೂ ಹೀಗೇ ಆಗಿತ್ತು. ದೋಣಿಯವರಿಗೆ, ಅಂಗಡಿಯವನಿಗೆ, ಅವಳ ಸ್ವಂತ ತಂಗಿಗೆ ಹೇಳಿ, ಕಟ್ಟಕಡೆಗೆ ಅವಳಿಗೆ ಹೇಳಿದ್ದ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಅವನ ಅಂಗಿಗಳನ್ನು ತಾನೇ ಮಡಚಿ ಪೆಟ್ಟಿಗೆಗೆ ತುಂಬಿ ಕೊಟ್ಟಳು. ಹೋಗಬೇಡ ಎಂದಿದ್ದರೂ ಅವನೇನು ನಿಲ್ಲುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಅದೊಂದು ಮಾತು ತಾನು ಆಡಲೇ ಇಲ್ಲವಲ್ಲ ಎಂಬುದು ಅವಳ ಗಂಟಲಲ್ಲಿ ಹಾಗೇ ಉಳಿದಿತ್ತು.

ಅದನ್ನು ಹೊತ್ತುಕೊಂಡೇ ನಿನ್ನೆ ಅವಳು ಬೋಗಿಯ ಕೆಳಗಿನ ರಿಪೇರಿ ಗುಂಡಿಯ ಅಂಚಿಗೆ ಹೋಗಿ ಬಗ್ಗಿದ್ದಳು. ವೆಸ್ ಬ್ರೇಕಿನ ಸರಳುಗಳಿಗೆ ಪಿನ್ನು ಹಾಕುತ್ತಿದ್ದ. ಅವಳನ್ನು ಕಂಡು ಮುಖ ಸ್ವಲ್ಪ ಅರಳಿತ್ತು, ಏನೋ ಹೇಳಲು ಬಾಯಿಯನ್ನೂ ತೆರೆದಿದ್ದ.

"ಕೊಲೊರಾಡೋ ಅಂತೆ," ಎಂದಿದ್ದಳು ಅವಳು.

"ಹೂಂ. ಅದನ್ನೇ..."

"ಒಳ್ಳೇದಾಯ್ತು, ಹೋಗು. ಇಲ್ಲೇನಿದೆ?"

ಅವನು ಅವಳನ್ನೇ ದಿಟ್ಟಿಸಿದ. ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ. ಮೆಟ್ಟಿಲು ಹತ್ತಿ, ಕೋಟೂ ತೊಡದೆ ಕೈಯಲ್ಲಿ ಹಿಡಿದು, ಹಿಮದಲ್ಲಿ ಹೊರಟೇ ಹೋದ. ಖುಷಿಗೆ ಹೋದನೋ ನೋವಿಗೆ ಹೋದನೋ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಗೂಡಿನ ಹಸಿರು ಬಾಗಿಲು ತಟ್ಟಿದಾಗ ಒಳಗಿಂದ, "ಮೀನೇನೂ ಸಿಕ್ಕಿಲ್ಲ, ಮುಂದೆ ಹೋಗಿ," ಎಂಬ ಉತ್ತರ ಬಂತು.

"ಮೀನಿಗೆ ಬಂದಿಲ್ಲ."

ಒಳಗೆ ಏನೋ ಉರುಳಿದ ಸದ್ದಾಯಿತು. ಬಾಗಿಲು ತೆರೆಯಿತು. ವೆಸ್ ಅವಳ ಮುಖ ನೋಡಿದ, ಟೋಪಿ ನೋಡಿದ, ಮತ್ತೆ ಮುಖ ನೋಡಿದ. ಗಡ್ಡ ಕೆರೆದುಕೊಂಡ. "ಒಳಗೆ ಬಾ. ಬೆಚ್ಚಗಿದೆ."

"ಬೇಕಂತಲೇ ಬಿಟ್ಟು ಬಂದ್ಯಾ?" ಎಂದಳು ನಿಂತಲ್ಲಿಂದಲೇ.

"ಏನನ್ನ?"

"ನಿನ್ನ ಬಾವುಟ. ಬೋಗಿ ಮುಂದೇನೇ ಇದೆ."

ವೆಸ್‌ನ ಮುಖದ ರಕ್ತವೆಲ್ಲ ಇಳಿದುಹೋಯಿತು. "ಸುಳ್ಳು."

"ಮರ್ಲ್ ಮುಟ್ಟಲ್ಲ ಅಂತ ಕೂತಿದ್ದಾರೆ. ಮಕ್ಕಳು ಸಾಲು ನಿಂತಿದ್ದಾರೆ. ಸುಳ್ಳು ಹೇಳೋಕೆ ಇಷ್ಟು ದೂರ ಮಂಜುಗಡ್ಡೆ ಮೇಲೆ ಬರ್ತೀನಾ?"

"ನಾನು ಬಾವುಟ ಬಿಟ್ಟು ಬಂದ್ನಾ?" ಅವನು ತನ್ನನ್ನೇ ಕೇಳಿಕೊಂಡ. ಆ ದನಿ ಕೇಳಿದ ಮೇಲೆ, ಬೇಕೆಂದೇ ಮಾಡಿದ್ದಲ್ಲ ಎಂಬುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ. ಆದರೆ ಹಾಗಾದರೆ ಇನ್ನೂ ಗೋಜಲು. ಬಾವುಟ ಮರೆಯದ ಮನುಷ್ಯ ಬಾವುಟ ಮರೆತಿದ್ದಾನೆ. ಅಷ್ಟು ಮರೆಸುವಂಥದ್ದು ನಿನ್ನೆ ಏನು ನಡೆದಿತ್ತು? ತಾನು ಆಡಿದ ಎರಡು ಮಾತು, ಅಷ್ಟೇ ತಾನೇ?

"ಇವತ್ತು ಬರ್ಲಿಲ್ಲ ಯಾಕೆ?"

"ಹೋಗು ಅಂದ್ಯಲ್ಲ."

"ಕೊಲೊರಾಡೋಗೆ ಹೋಗು ಅಂದೆ. ಮೀನು ಹಿಡಿಯೋಕಲ್ಲ."

ಅವನ ಮೀಸೆಯ ಅಂಚು ಒಂದು ಕ್ಷಣ ಅಲುಗಿತು. ನಗು ಬಂದೇಬಿಟ್ಟಿತು ಅಂದುಕೊಳ್ಳುವಷ್ಟರಲ್ಲಿ ಹೋಯಿತು.

"ನನಗೆ ಯಾಕೆ ಹೇಳ್ಲಿಲ್ಲ ವೆಸ್? ಗ್ಲಾಡಿಸ್‌ಗೆ ಹೇಳ್ದೆ, ಊರಿಗೆ ಹೇಳ್ದೆ."

"ನಾನು ಯಾರಿಗೂ ಹೇಳಿಲ್ಲ. ನಾನು ಎಂಥವನು ಅಂತ ವಿಚಾರಿಸೋಕೆ ಆ ರೈಲಿನವರು ಮ್ಯೂಸಿಯಂಗೆ ಫೋನ್ ಮಾಡಿದ್ರಂತೆ. ಫೋನ್ ಎತ್ತಿದ್ದು ಗ್ಲಾಡಿಸ್." ಅವನು ನಿಟ್ಟುಸಿರು ಬಿಟ್ಟ. "ಆಮೇಲೆ ನಿನಗೆ ಗೊತ್ತೇ ಇದೆ. ನಾನು ನಿನಗೆ ಹೇಳ್ಬೇಕು ಅಂತಲೇ ನಿನ್ನೆ ಕಾಯ್ತಾ ಇದ್ದೆ. ಸೋಮವಾರ ಅವರಿಗೆ ಉತ್ತರ ಕೊಡಬೇಕು. ನಿನ್ನ ಕೇಳೋಣ ಅಂತಿದ್ದೆ."

"ನನ್ನನ್ನ ಕೇಳೋದು ಏನಿದೆ?"

ವೆಸ್ ಮಂಜುಗಡ್ಡೆಯ ತೂತಿನಲ್ಲಿ ಕಪ್ಪಗೆ ನಿಂತಿದ್ದ ನೀರನ್ನು ನೋಡಿದ. "ಅದನ್ನೂ ನಾನೇ ಹೇಳ್ಬೇಕಾ?"

ಹೇಳಬೇಕಾದ ಮಾತು ಲೋರ್ನಾಳ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ಅಲ್ಲೇ ಹೆಪ್ಪುಗಟ್ಟಿತು. ನಿಲ್ಲು ಎಂದರೆ ನಿಂತಾನು, ನಿಂತು ನಾಳೆ ಪಶ್ಚಾತ್ತಾಪಪಟ್ಟರೆ? ಲಾಬ್‌ಸ್ಟರ್ ಹಿಡಿಯುವ ದೋಣಿಗಳ ಇಂಜಿನ್ ಬಿಚ್ಚಿ ಬಿಚ್ಚಿ ಬೆನ್ನು ಬಗ್ಗಿದವನಿಗೆ ಇಷ್ಟಪಟ್ಟ ಕೆಲಸಕ್ಕೆ ಸಂಬಳ ಕೊಡುವವರು ಸಿಕ್ಕಿದ್ದಾರೆ. ತಡೆಯಲು ತಾನು ಯಾರು? ಇಷ್ಟು ಯೋಚನೆಯ ನಡುವೆ ಅವಳ ಬಾಯಿಂದ ಬಂದದ್ದು, "ಮಕ್ಕಳು ಕಾಯ್ತಿದ್ದಾರೆ," ಎಂಬುದೊಂದೇ. ಇಂಥ ಹೊತ್ತಿನಲ್ಲಿ ಇಂಥ ಮಾತಾಡುವವಳನ್ನು ಹಿಡಿದು ಕುಲುಕಬೇಕು ಅನ್ನಿಸಿದರೆ ತಪ್ಪಿಲ್ಲ. ಅವಳಿಗೂ ಹಾಗೇ ಅನ್ನಿಸಿತು.

ವೆಸ್ ತಲೆಯಾಡಿಸಿದ. ಗಾಳ ಸುತ್ತಿಟ್ಟು, ಒಲೆಯ ಗಾಳಿಕಿಂಡಿ ಮುಚ್ಚಿ ಹೊರಟ. ಬೇರೆ ಬೇರೆ ಗಾಡಿಗಳಲ್ಲಿ, ಅವನ ಹಿಂದೆ ಅವಳು, ಶೆಡ್ಡಿಗೆ ಬಂದರು.

ಶೆಡ್ಡಿನ ತುಂಬ ಜನ. ಹೊರಗಿನ ಚಳಿ ತಾಳದೆ ಸಾಲು ಸಾಲೇ ಒಳಗೆ ಬಂದು ಒಲೆಯ ಸುತ್ತ ನೆರೆದಿತ್ತು. ಮರ್ಲ್ ಗದರಲಿಲ್ಲ, ಬಾವುಟದ ಕಡೆ ಕೈ ತೋರಿಸಿದ ಅಷ್ಟೇ. ಗದರಿದ್ದರೆ ವೆಸ್‌ಗೆ ಸ್ವಲ್ಪ ಹಗುರಾಗುತ್ತಿತ್ತು.

"ಎರಡು ಪಿನ್ ಬಾಕಿ ಇದೆ. ಹಾಕಿಯೇ ತೆಗೀತೀನಿ," ಎಂದ ವೆಸ್. "ಸರಳು ಎತ್ತಿ ಹಿಡಿಯೋಕೆ ಇನ್ನೊಬ್ಬರು ಬೇಕು."

ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಕೋಕೋ ಕುಡಿಯುವ ಕೆಲಸ ಬಿದ್ದಿತ್ತು. ಲೋರ್ನಾ ತನ್ನ ಬಾವುಟ ತಂದು ಅವನದರ ಪಕ್ಕಕ್ಕೆ ನೆಟ್ಟು ಗುಂಡಿಗೆ ಇಳಿದಳು.

ಕೆಳಗೆ ಎಣ್ಣೆಯ ವಾಸನೆ, ಒಂದು ದೀಪ. ಅವಳು ಎರಡೂ ಕೈಯಲ್ಲಿ ಸರಳು ಎತ್ತಿ ಹಿಡಿದಳು. ಅವನು ತೂತು ನೋಡಲು ಬಗ್ಗಿದಾಗ ಅವನ ಉಸಿರು ಅವಳ ಮಣಿಕಟ್ಟಿಗೆ ತಾಗಿತು. ಮೊದಲ ಪಿನ್ನು ಹೋಯಿತು. ಅವನ ರೆಪ್ಪೆಯ ಮೇಲೆ ಹಿಮ ಕರಗಿದ ಒಂದು ಹನಿ ಇತ್ತು. ಅವಳು ಅದನ್ನೇ ನೋಡುತ್ತಿದ್ದಳು. ಅವನು ತಟ್ಟನೆ ನೋಡಿದ. ಈ ಸಲ ಇಬ್ಬರೂ ಸೂರು ನೋಡಲಿಲ್ಲ, ಅಲ್ಲಿ ಸೂರೇ ಇರಲಿಲ್ಲ.

"ಹೋಗಬೇಡ," ಎಂದಳು ಲೋರ್ನಾ.

"ಎಲ್ಲಿಗೆ ಹೋಗಲಿ? ಇನ್ನೊಂದು ಪಿನ್ ಇದೆಯಲ್ಲ."

"ಕೊಲೊರಾಡೋಗೆ. ಹೋಗಬೇಡ ವೆಸ್."

ಪಿನ್ನು ಬಡಿಯುತ್ತಿದ್ದ ಅವನ ಸುತ್ತಿಗೆ ನಿಂತಿತು. "ಸ್ವಲ್ಪ ಜೋರಾಗಿ ಹೇಳು," ಎಂದ ಅವನು. "ಇಂಜಿನ್ ಸದ್ದಿಗೆ ಈ ಕಿವಿ ಮಂದ."

ಅವನ ಕಿವಿಗೆ ಏನೂ ಆಗಿರಲಿಲ್ಲ. ಕಣ್ಣಂಚಿನ ಸುಕ್ಕು ಅದನ್ನು ಹೇಳುತ್ತಿತ್ತು. ಆದರೆ ಇಷ್ಟು ವರ್ಷ ಗಂಟಲಲ್ಲಿದ್ದ ಮಾತು ಒಮ್ಮೆ ಹೊರಟ ಮೇಲೆ ಮೆಲ್ಲಗೆ ಬರಲು ಒಪ್ಪಲಿಲ್ಲ.

"ಹೋಗಬೇಡ ಅಂದೆ! ನೀನು ಹೋದ್ರೆ ನನಗೆ ಆಗಲ್ಲ. ಶನಿವಾರ ಬರೋದು ನಾನು ರೈಲಿಗಲ್ಲ."

ಮೇಲಿನಿಂದ ಮರ್ಲ್‌ನ ದನಿ ಕೇಳಿಸಿತು: "ನಮಗೆಲ್ಲ ಕೇಳಿಸ್ತು ಕಣಪ್ಪ, ಹೋಗ್ಬೇಡ ಅಂತೆ. ಅವಳಿಗೊಂದು ಉತ್ತರ ಕೊಟ್ಟು, ಆ ಪಿನ್ ಹಾಕಿ ಮೇಲೆ ಬನ್ನಿ."

ಲೋರ್ನಾ ಕಣ್ಣು ಮುಚ್ಚಿದಳು. ಸರಳು ಕೈಯಲ್ಲಿಲ್ಲದಿದ್ದರೆ ಮುಖವನ್ನೂ ಮುಚ್ಚುತ್ತಿದ್ದಳು.

"ಸೋಮವಾರ ಬೆಳಿಗ್ಗೆ ಬಸ್ ಟ್ರಿಪ್ ಮುಗಿಸಿ ನಮ್ಮನೆಗೆ ಬಾ," ಎಂದ ವೆಸ್, ಅವಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. "ಬರಲ್ಲ ಅಂತ ಅವರಿಗೆ ಫೋನ್ ಮಾಡಬೇಕು. ನಾನೊಬ್ಬನೇ ಮಾತಾಡಿದ್ರೆ ಅವರು ಹೇಗಾದ್ರೂ ಒಪ್ಪಿಸಿಬಿಡ್ತಾರೆ. ನೀನು ಪಕ್ಕದಲ್ಲಿರು."

"ಇರ್ತೀನಿ." ಅವಳು ಕಣ್ಣು ತೆರೆಯಲಿಲ್ಲ. "ಆಮೇಲೆ ನಿನಗೆ ಬೇಜಾರಾದ್ರೆ?"

"ಆದ್ರೆ ಹೇಳ್ತೀನಿ. ಮೊದಲು ನಿನಗೇ ಹೇಳ್ತೀನಿ."

ಆ ಮಾತಿಗೆ ಅವಳ ಕಣ್ಣಿಂದ ನೀರು ಇಳಿಯಿತು, ಅದರ ಜೊತೆಗೇ ನಗುವೂ ಬಂತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಸರಳು. ವೆಸ್ ತನ್ನ ತೋಳಿನಿಂದಲೇ ಒರೆಸಿದ, ಅವಳ ಕೆನ್ನೆಗೆಲ್ಲ ಗ್ರೀಸು ಮೆತ್ತಿಕೊಂಡಿತು. ಎರಡನೇ ಪಿನ್ನೂ ಹಾಕಿ ಮೇಲೆ ಬಂದು, ಅವನು ತನ್ನ ಬಾವುಟ ಕಿತ್ತ, ಅವಳು ತನ್ನದನ್ನು.